ಹಾಲಿಗಿಳಿಯದ ಔಷಧ

"ನಿಮ್ಮ ಹಾಲಲ್ಲಿ ಔಷಧಾನೇ ಇಲ್ವಲ್ಲಮ್ಮ" ಎಂದು ಲ್ಯಾಬಿನ ಮೇಡಂ ಹೇಳಿದಾಗ ಸೊಸೆಗೆ ಮೊದಲು ಆದದ್ದು ಸಂತೋಷ. ಹೆತ್ತಂದಿನಿಂದ ಎದೆಯ ಮೇಲೆ ಕುಳಿತಿದ್ದ ಭಾರ ಒಮ್ಮೆಗೇ ಇಳಿದಂತಾಗಿ ಮಡಿಲಲ್ಲಿದ್ದ ಪಾಪುವಿನ ನೆತ್ತಿಗೆ ಒಂದು ಮುತ್ತನ್ನೂ ಕೊಟ್ಟುಬಿಟ್ಟಳು. ತಾನು ದಿನಾ ನುಂಗುವ ಮಾತ್ರೆಯ ಒಂದು ಕಣವೂ ಮಗಳ ಹೊಟ್ಟೆಗೆ ಹೋಗಿಲ್ಲ ಎಂದರೆ ಅದಕ್ಕಿಂತ ಒಳ್ಳೆಯ ಸುದ್ದಿ ಇನ್ನೇನಿದೆ! ಆದರೆ ಅವಳ ನಗುವಿಗೆ ಎದುರಿನಿಂದ ನಗು ಬರಲಿಲ್ಲ. ಮೇಡಂ ಪಕ್ಕದಲ್ಲಿದ್ದ ಸಿಸ್ಟರ್ ಮುಖ ನೋಡಿದರು, ಸಿಸ್ಟರ್ ನೆಲ ನೋಡಿದರು.

ಆ ಆಸ್ಪತ್ರೆಯಲ್ಲಿ ಎಚ್‌ಐವಿ ಇರುವ ತಾಯಂದಿರು ಮಕ್ಕಳಿಗೆ ಎದೆಹಾಲನ್ನೇ ಕುಡಿಸುತ್ತಿದ್ದರು. ಮಾತ್ರೆ ತಪ್ಪದೆ ನುಂಗಿದರೆ ವೈರಸ್ಸು ಬಾಲ ಮುದುರಿಕೊಂಡು ಬಿದ್ದಿರುತ್ತದೆ, ಹಾಲಿನ ಮೂಲಕ ಮಗುವಿಗೆ ದಾಟುವುದು ಬಲು ಅಪರೂಪ ಎಂದು ಡಾಕ್ಟರು ಹೇಳಿಕೊಟ್ಟಿದ್ದರು. ಆ ಮಾತ್ರೆಯ ಅಂಶ ಹಾಲಿಗೆ ಎಷ್ಟು ಇಳಿಯುತ್ತದೆ ಎಂದು ಅಳೆಯುವುದು ಮೇಡಂ ಕೆಲಸ. ತಾಯಂದಿರು ಬೆಳಿಗ್ಗೆ ಬಂದು ಒಂದಿಷ್ಟು ಹಾಲು ಹಿಂಡಿ ಕೊಟ್ಟು, ಸಿಸ್ಟರ್ ಎದುರಿಗೆ ತಮ್ಮ ತಮ್ಮ ಡಬ್ಬಿಯಿಂದ ಮಾತ್ರೆ ನುಂಗಿ, ಸಂಜೆಯವರೆಗೆ ಆಗಾಗ ಇನ್ನಷ್ಟು ಹಾಲು, ಸ್ವಲ್ಪ ರಕ್ತ ಕೊಡಬೇಕು. ಸೊಸೆಯ ಸರದಿ ಮೊನ್ನೆ ಮುಗಿದಿತ್ತು.

"ಎಲ್ಲ ತಾಯಂದಿರ ಹಾಲಲ್ಲೂ ಚೂರುಪಾರು ಸಿಗುತ್ತೆ" ಎಂದರು ಮೇಡಂ. "ಅಷ್ಟರಿಂದ ಮಗುಗೆ ಏನೂ ತೊಂದರೆ ಇಲ್ಲ. ಏನೂ ಸಿಗದೆ ಇರೋದು ಇದೇ ಮೊದಲು. ಮಿಷನ್ನೇ ಕೆಟ್ಟಿದೆ ಅಂದ್ಕೊಂಡು ಇನ್ನೊಂದ್ಸಲ ಹಾಕ್ದೆ. ನಿಮ್ಮ ರಕ್ತದಲ್ಲೂ ಇಲ್ಲಮ್ಮ."

"ನಾನು ದಿನಾ ನುಂಗ್ತೀನಿ ಮೇಡಂ. ಮೊನ್ನೆ ಸಿಸ್ಟರ್ ಮುಂದೇನೇ ನುಂಗಿದೀನಿ."

"ಹೌದು, ನೀರು ಕೊಟ್ಟೋಳು ನಾನೇ" ಎಂದರು ಸಿಸ್ಟರ್. ಆಮೇಲೆ ಧ್ವನಿ ತಗ್ಗಿಸಿದರು. "ಅದಕ್ಕೇ ಕೇಳ್ತಿದೀನಿ. ನೀವು ನುಂಗಿದ್ದು ಏನು?"

ಸೊಸೆ ಕೈಚೀಲದಲ್ಲಿದ್ದ ಡಬ್ಬಿಯನ್ನು ಮುಟ್ಟಿದಳು, ಹೊರಗೆ ತೆಗೆಯಲಿಲ್ಲ. ಸಿಸ್ಟರ್ ಇನ್ನೂ ಏನೇನೋ ಹೇಳುತ್ತಿದ್ದರು: ಮೊನ್ನೆಯ ರಕ್ತದಲ್ಲಿ ವೈರಸ್ಸು ಇನ್ನೂ ತಲೆ ಎತ್ತಿಲ್ಲ, ಮಾತ್ರೆ ನಿಂತು ಹೆಚ್ಚು ದಿನ ಆಗಿರಲಾರದು, ಇನ್ನು ಸ್ವಲ್ಪ ದಿನ ಹೀಗೇ ಹೋಗಿದ್ದರೆ ಮಗುವಿನ ಗತಿ... ಅಲ್ಲಿಗೆ ಮಾತು ನಿಲ್ಲಿಸಿ ಹೊಸ ಡಬ್ಬಿ ಕೊಟ್ಟರು. ಸೊಸೆಯ ರಕ್ತವನ್ನು ಇನ್ನೊಮ್ಮೆ ತೆಗೆದುಕೊಂಡು, ಪಾಪುವಿಗೆ ಮುನ್ನೆಚ್ಚರಿಕೆಗೆಂದು ಸಿರಪ್ ಕೊಟ್ಟು, ಹಿಮ್ಮಡಿ ಚುಚ್ಚಿ ರಕ್ತ ತೆಗೆದರು. ಮಗು ಕಿರುಚಿದ ಕಿರುಚಾಟಕ್ಕೆ ಮೇಡಂ ಕೂಡ ಮುಖ ತಿರುಗಿಸಿದರು.

"ನಾಳೆ ಫೋನ್ ಮಾಡ್ತೀನಿ. ಅಲ್ಲಿವರೆಗೂ ಎದೆಗೆ ಹಾಕ್ಬೇಡಿ. ಹಾಲು ಹಿಂಡಿ, ಕಾಯಿಸಿ, ಆರಿಸಿ ಲೋಟದಲ್ಲಿ ಕುಡಿಸಿ" ಎಂದರು ಸಿಸ್ಟರ್. ಬಾಗಿಲವರೆಗೂ ಬಂದು ಭುಜದ ಮೇಲೆ ಕೈಯಿಟ್ಟರು. "ಮನೇಲಿ ಯಾರಾದ್ರೂ...?"

ಸೊಸೆ ಪಾಪುವನ್ನು ಹೆಗಲಿಗೆ ಹಾಕಿಕೊಂಡು ಮೆಟ್ಟಿಲಿಳಿದಳು.

ಅವಳು ಕೆಲಸ ಮಾಡುತ್ತಿದ್ದದ್ದು ಹಳೆ ಬಟ್ಟೆ ಸರಿಪಡಿಸುವ ಹೊಲಿಗೆ ಅಂಗಡಿಯಲ್ಲಿ. ದಪ್ಪಗಾದವರ ಬಟ್ಟೆ ಬಿಚ್ಚಿ ಹಿಗ್ಗಿಸುವುದು, ಸಣ್ಣಗಾದವರದ್ದು ಬಿಚ್ಚಿ ಕುಗ್ಗಿಸುವುದು, ಕಾಲುದ್ದ ಮಡಿಸುವುದು. ಪಾಪುವೂ ಅಲ್ಲೇ, ಕತ್ತರಿಸುವ ಮೇಜಿನ ಕೆಳಗೆ ಬಟ್ಟೆಯ ಬುಟ್ಟಿಯಲ್ಲಿ ಮಲಗುತ್ತಿದ್ದಳು. ಆಸ್ಪತ್ರೆಯಿಂದ ನೇರ ಅಲ್ಲಿಗೇ ಬಂದ ಸೊಸೆ ಹಳೆಯ ಡಬ್ಬಿಯಿಂದ ಒಂದು ಮಾತ್ರೆ ತೆಗೆದು ಎರಡು ಹೋಳು ಮಾಡಿ ನಾಲಿಗೆಗೆ ಮುಟ್ಟಿಸಿದಳು. ಕಹಿಯೇ ಇಲ್ಲ. ಹೊಸ ಡಬ್ಬಿಯದನ್ನು ಮುಟ್ಟಿಸಿದರೆ ಮುಖ ಕಿವುಚಿಕೊಂಡಿತು. ಹಳೆಯದರ ಹೋಳನ್ನು ಎದುರಿಗಿದ್ದ ಕಪ್ಪು ಪ್ಯಾಂಟಿನ ಮೇಲೆ ಎಳೆದಳು. ಅವಳು ದಿನವೂ ಗುರುತು ಹಾಕುವ ಸೀಮೆಸುಣ್ಣ ಎಳೆದಷ್ಟೇ ಸಲೀಸಾಗಿ ಬಿಳಿ ಗೆರೆ ಮೂಡಿತು.

ಸುಣ್ಣದ ಮಾತ್ರೆ. ಮೂಳೆ ಗಟ್ಟಿಯಾಗಲೆಂದು ಮುದುಕರಿಗೆ ಕೊಡುವುದು, ನೋಡಲು ಅವಳ ಮಾತ್ರೆಯ ಹಾಗೆಯೇ ಬಿಳಿ, ಅಷ್ಟೇ ದೊಡ್ಡದು. ಆ ಮನೆಯಲ್ಲಿ ಅದನ್ನು ನುಂಗುತ್ತಿದ್ದ ಮಂಡಿನೋವಿನವರು ಒಬ್ಬರೇ.

ಅತ್ತೆಯೆಂದರೆ ಓಣಿಗೆಲ್ಲ ಅಜ್ಜಿ. ಓಣಿಯ ಅರ್ಧಕ್ಕರ್ಧ ಮಕ್ಕಳಿಗೆ ಮೊದಲ ಸ್ನಾನ ಮಾಡಿಸಿದ ಕೈ ಅವರದ್ದು. ಮಗು ಹೊಟ್ಟೆ ಉಬ್ಬರಿಸಿದರೆ, ಹಾಲು ಕಕ್ಕಿದರೆ, ಸುಮ್ಮನೆ ಅತ್ತರೂ ಜನ ಓಡಿ ಬರುವುದು ಅವರ ಬಾಗಿಲಿಗೇ. ಗೊತ್ತಿಲ್ಲ ಎಂಬ ಮಾತು ಆ ಬಾಯಿಂದ ಬಿದ್ದದ್ದನ್ನು ಕೇಳಿದವರಿಲ್ಲ. ಸೊಸೆಯನ್ನು ಓಣಿಯಲ್ಲಿ ಎಲ್ಲರೂ ಅಜ್ಜಿಯ ಸೊಸೆ ಎಂದೇ ಗುರುತಿಸುತ್ತಿದ್ದರು, ಅವಳೂ ಬೇಸರಿಸಿಕೊಂಡವಳಲ್ಲ.

ಹಾಲಿನ ಪರೀಕ್ಷೆಗೆ ಹೆಸರು ಬರೆಸಿದ ದಿನ ಅತ್ತೆಯೂ ಜೊತೆಗೆ ಬಂದಿದ್ದರು. "ತಾಯಿ ನುಂಗೋ ಔಷಧ ಹಾಲಿಗೂ ಇಳಿಯುತ್ತೆ" ಎಂದು ಸಿಸ್ಟರ್ ವಿವರಿಸಲು ಶುರುಮಾಡಿದ್ದೇ ತಡ, ಅವರ ಕಿವಿ ನಿಮಿರಿತ್ತು. ಅಷ್ಟರಲ್ಲಿ ಹೊರಗೆ ಬೆಂಚಿನ ಮೇಲೆ ಯಾರೋ ಹುಡುಗಿ ಮಗುವನ್ನು ಸೊಟ್ಟಗೆ ಹಿಡಿದಿದ್ದು ಕಣ್ಣಿಗೆ ಬಿದ್ದು, ಹೇಗೆ ಹಿಡಿಯಬೇಕೆಂದು ಬುದ್ಧಿ ಹೇಳಲು ಎದ್ದುಹೋದರು. ಹಾಲಿಗಿಳಿದ ಔಷಧದಿಂದ ಮಗುವಿಗೆ ಕೆಡುಕಿಲ್ಲ, ಮಾತ್ರೆ ಬಿಟ್ಟರೇ ಕೆಡುಕು ಎಂಬುದನ್ನು ಸಿಸ್ಟರ್ ಹೇಳಿದಾಗ ಅವರು ಅಲ್ಲಿರಲಿಲ್ಲ. ಬಸ್ಸಿನಲ್ಲಿ ಬರುವಾಗ ಸೊಸೆಯೇ ಬಿಡಿಸಿ ಹೇಳಿದಳು. "ಡಾಕ್ಟರು ನೂರು ಹೇಳ್ತಾರೆ, ಮಗು ಸಾಕಿದವರು ಅವರೇನಾ?" ಎಂದು ಮಾತು ಮುಗಿಸಿಬಿಟ್ಟರು.

ಮುಗಿಸಿರಲಿಲ್ಲ. ಸದ್ದಿಲ್ಲದೆ ಮಾತ್ರೆ ಬದಲಾಯಿಸಿಟ್ಟಿದ್ದರು.

ಆ ಸಂಜೆ ಪಾಪು ಲೋಟವನ್ನು ಒಪ್ಪಲಿಲ್ಲ. ಕಾಯಿಸಿ ಆರಿಸಿದ ಹಾಲನ್ನು ತುಟಿಗೆ ಹಿಡಿದರೆ ಉಗುಳಿ, ಮುಖವನ್ನು ತಾಯಿಯ ಎದೆಗೆ ಒತ್ತಿ ಹುಡುಕಿತು. ಸೊಸೆಯ ಎದೆ ಕಲ್ಲಿನಂತೆ ಬಿಗಿದಿತ್ತು, ರವಿಕೆ ಒದ್ದೆಯಾಗಿತ್ತು, ಕೊಡುವ ಹಾಗಿರಲಿಲ್ಲ. "ತೊಟ್ಟು ಒಡೆದಿದೆ, ಉರಿ" ಎಂದು ಮನೆಯವರಿಗೆ ಸುಳ್ಳು ಹೇಳಿದಳು. "ನಾನು ಮುಲಾಮು ಹಚ್ತೀನಿ ಬಾ" ಎಂದು ಅತ್ತೆ ಅಕ್ಕರೆಯಿಂದ ಕರೆದಾಗ ಅವಳ ಮೈಯೆಲ್ಲ ಉರಿದುಹೋಯಿತು. ಅಡುಗೆಮನೆಯ ಗೂಡಿನಲ್ಲಿ ಗಂಡನ ಡಬ್ಬಿಯೂ ಇತ್ತು. ಅವನದೂ ಅದೇ ಮಾತ್ರೆ. ಅದರಿಂದ ಒಂದನ್ನು ತೆಗೆದು ನಾಲಿಗೆಗೆ ಮುಟ್ಟಿಸಿದಳು. ಕಹಿ, ಅಪ್ಪಟ ಕಹಿ. ಮಗನ ಡಬ್ಬಿಗೆ ಆ ಕೈ ಹೋಗಿರಲಿಲ್ಲ. "ಮಾತ್ರೆ ತಗೊಂಡ್ಯೇನೋ?" ಎಂದು ಮಗನನ್ನು ಅತ್ತೆ ಕೇಳದ ದಿನವಿರಲಿಲ್ಲ.

ಆ ಕಾಯಿಲೆ ಮನೆಗೆ ಯಾರಿಂದ ಬಂತು ಎಂಬುದು ಮೂವರಿಗೂ ಗೊತ್ತಿತ್ತು. ಮದುವೆಗೆ ಮೊದಲೇ ಮಗನಿಗಿತ್ತು, ತಾಯಿಗೆ ತಿಳಿದಿತ್ತು, ಹೆಣ್ಣಿನ ಕಡೆಯವರಿಗೆ ಯಾರೂ ಹೇಳಲಿಲ್ಲ. ಬಸುರಿಯ ರಕ್ತಪರೀಕ್ಷೆಯಲ್ಲಿ ಸೊಸೆಗೆ ಗೊತ್ತಾದಾಗ ಅವಳು ಗೋಡೆಗೆ ತಲೆ ಚಚ್ಚಿಕೊಂಡು ಅತ್ತಿದ್ದಳು, ಆಮೇಲೆ ಹೊಟ್ಟೆಯಲ್ಲಿದ್ದ ಜೀವದ ಮುಖ ನೋಡಿ ನುಂಗಿಕೊಂಡಿದ್ದಳು. ಒಂದನ್ನು ನುಂಗಿಕೊಂಡವಳು ಎಲ್ಲವನ್ನೂ ನುಂಗುತ್ತಾಳೆ ಎಂದು ಅತ್ತೆ ಲೆಕ್ಕ ಹಾಕಿದಂತಿತ್ತು. ಅಲ್ಲಿಯವರೆಗೆ ಮನಸ್ಸಿನೊಳಗೂ ಅತ್ತೆಯನ್ನು ಅವರು ಎನ್ನುತ್ತಿದ್ದ ಸೊಸೆ ಆ ಸಂಜೆಯಿಂದ ಮುದುಕಿ ಎಂದಳು. ಈ ಕಥೆಯೂ ಇನ್ನು ಹಾಗೆಯೇ ಅನ್ನುತ್ತದೆ.

ಮರುದಿನ ಅಂಗಡಿಗೆ ಸಿಸ್ಟರ್ ಫೋನ್ ಬಂತು. ನಿಮ್ಮ ನಿನ್ನೆಯ ರಕ್ತವೂ ಚೆನ್ನಾಗಿದೆ, ಮಗುವಿನದೂ ಚೆನ್ನಾಗಿದೆ, ಹಾಲು ಕೊಡಿ, ಮಾತ್ರೆ ಮಾತ್ರ ನಿಮ್ಮ ಕೈ ಬಿಟ್ಟು ಹೋಗದಿರಲಿ ಎಂದರು. ಸೊಸೆ ಕತ್ತರಿಸುವ ಮೇಜಿನ ಕೆಳಗೆ ತೂರಿಕೊಂಡು ಪಾಪುವನ್ನು ಎದೆಗೆ ಹಾಕಿಕೊಂಡಳು. ಮಗು ಗಟಗಟ ಕುಡಿಯಿತು, ತಾಯಿ ಬಾಯಿಗೆ ಸೆರಗು ತುರುಕಿಕೊಂಡು ಅತ್ತಳು. ಅತ್ತು ಮುಗಿದ ಮೇಲೆ ಉಳಿದದ್ದು ಸಿಟ್ಟೊಂದೇ.

ಹೋಗಿ ಜುಟ್ಟು ಹಿಡಿದು ಕೇಳಿದರೆ? ಮುದುಕಿ ಎದೆ ಬಡಿದುಕೊಂಡು ಅಳುತ್ತಾಳೆ, ಮಗುವಿನ ಒಳ್ಳೆಯದಕ್ಕೇ ಮಾಡಿದೆ ಎನ್ನುತ್ತಾಳೆ, ಮಗ ಕರಗುತ್ತಾನೆ, ಒಂದು ಗಳಿಗೆಯಲ್ಲಿ ಎಲ್ಲ ತೊಳೆದುಹೋಗುತ್ತದೆ. ಓಣಿಯಲ್ಲಿ ಹೇಳಿದರೆ? ಅವಳ ಮಾನದ ಜೊತೆ ತನ್ನ ಗುಟ್ಟೂ ಬಯಲು. ಮುದುಕಿಯ ಡಬ್ಬಿಯಲ್ಲೂ ಏನಾದರೂ ಬದಲಾಯಿಸಿಟ್ಟರೆ? ಆ ಯೋಚನೆಯನ್ನು ಸೊಸೆ ಒಂದು ಇಡೀ ಪ್ಯಾಂಟು ಬಿಚ್ಚಿ ಹೊಲಿಯುವಷ್ಟು ಹೊತ್ತು ಸವಿದಳು, ನಂತರ ಬಿಟ್ಟಳು. ತನಗೇ ಗೊತ್ತಾಗದಂತೆ ಮುದುಕಿ ನೋಯುವುದರಲ್ಲಿ ಏನು ಸುಖ? ಗೊತ್ತಾಗಬೇಕು. ದಿನವೂ ಗೊತ್ತಾಗುತ್ತಲೇ ಇರಬೇಕು.

ನಿಜವಾದ ಮಾತ್ರೆಯ ಡಬ್ಬಿಯನ್ನು ಅಂಗಡಿಯ ದಾರದ ಡ್ರಾಯರಿನಲ್ಲಿಟ್ಟು ಬೀಗ ಹಾಕಿದಳು. ಬೆಳಿಗ್ಗೆ ಬಂದೊಡನೆ ಮೊದಲ ಕೆಲಸ ಅದನ್ನು ನುಂಗುವುದು. ಸುಣ್ಣದ ಡಬ್ಬಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಮನೆಗೆ ಹೋದಳು.

ದೀಪ ಹಚ್ಚುವ ಹೊತ್ತಿಗೆ ಮುದುಕಿ ಮಂಚದ ಮೇಲೆ ಕಾಲು ನೀಡಿಕೊಂಡು ಕುಳಿತಿದ್ದಳು. ಸೊಸೆ ಪಾಪುವನ್ನು ಮಡಿಲಿಗೆ ಹಾಕಿಕೊಂಡು ಅವಳ ಎದುರಿನ ಮಣೆಯ ಮೇಲೆ ಕುಳಿತಳು.

"ಅತ್ತೆ, ಇವತ್ತು ಸಿಸ್ಟರ್ ಫೋನ್ ಮಾಡಿದ್ರು" ಎಂದಳು ಬೆಣ್ಣೆಯಂಥ ದನಿಯಲ್ಲಿ. "ಔಷಧ ಹಾಲಿಗೆ ಇಳಿದ್ರೆ ಮಗುಗೆ ಏನೂ ಆಗಲ್ವಂತೆ. ತಾಯಿ ಔಷಧ ತಗೊಳ್ದೆ ಹಾಲು ಕುಡಿಸಿದ್ರೇನೇ ಕಾಯಿಲೆ ಮಗುಗೆ ದಾಟೋದಂತೆ. ಯಾರೋ ಒಬ್ಬಳು ಹಾಗೆ ಮಾಡಿ ಮಗೂನ ಕೈಯಾರೆ ಕಳ್ಕೊಂಡಳಂತೆ."

ಮಂಡಿ ತಿಕ್ಕುತ್ತಿದ್ದ ಮುದುಕಿಯ ಕೈ ಹಾಗೇ ನಿಂತಿತು. "ಯಾರು ಹೇಳಿದ್ದು?" ಎಂದಳು.

"ಸಿಸ್ಟರ್. ಅದಕ್ಕೇ ನೋಡಿ, ನಾನು ಒಂದು ದಿನಾನೂ ತಪ್ಪಿಸಲ್ಲ." ಸೊಸೆ ಸೊಂಟದಿಂದ ಡಬ್ಬಿ ತೆಗೆದು, ಒಂದು ಸುಣ್ಣದ ಮಾತ್ರೆಯನ್ನು ಬೆರಳ ತುದಿಯಲ್ಲಿ ಹಿಡಿದು ತೋರಿಸಿ, ಬಾಯಿಗೆ ಹಾಕಿ ನೀರು ಕುಡಿದಳು. ಆಮೇಲೆ ಸೆರಗು ಸರಿಸಿ ಪಾಪುವನ್ನು ಎದೆಗೆ ಹಚ್ಚಿದಳು.

ಮುದುಕಿಯ ಬಾಯಿ ತೆರೆಯಿತು. ಈಗ ಹೇಳುತ್ತಾಳೆ ಎಂದುಕೊಂಡಳು ಸೊಸೆ. ಈಗಲೇ ಹೇಳಿಬಿಟ್ಟಿದ್ದರೆ ಬಹುಶಃ ಅವಳು ಕ್ಷಮಿಸಿಯೂ ಬಿಡುತ್ತಿದ್ದಳು, ಇಲ್ಲವೆನ್ನಲಾಗದು. ಆದರೆ ಮುದುಕಿ ಬಾಯಿ ಮುಚ್ಚಿ ಗೋಡೆಯ ಕಡೆ ತಿರುಗಿ ಮಲಗಿದಳು.

ಅಲ್ಲಿಂದ ಶುರುವಾಯಿತು. ದಿನವೂ ಅದೇ ಮಣೆ, ಅದೇ ಮಂಚ, ಅದೇ ಮಾತ್ರೆ. ಮುದುಕಿ ಆ ಹೊತ್ತಿಗೆ ಬೇಕೆಂದೇ ಹಿತ್ತಲಿಗೆ ಹೋದರೆ ಸೊಸೆಯೂ ಮಣೆ ಎತ್ತಿಕೊಂಡು ಹಿತ್ತಲಿಗೇ ಹೋಗುತ್ತಿದ್ದಳು. "ಒಳಗೆ ಸೆಕೆ ಅತ್ತೆ" ಎನ್ನುತ್ತಿದ್ದಳು. ಮಗು ಚಪ್ಪರಿಸುವಷ್ಟು ಹೊತ್ತೂ ಮುದುಕಿಯನ್ನು ಕಣ್ಣಲ್ಲಿ ಕಣ್ಣಿಟ್ಟು ನೋಡುತ್ತಿದ್ದಳು.

ಮುದುಕಿ ಸುಮ್ಮನೆ ಕೂರುವ ಜಾತಿಯಲ್ಲ. ಮೊದಲು ಡಬ್ಬಿಯ ಬೆನ್ನು ಹತ್ತಿದಳು. ನಿಜವಾದ ಮಾತ್ರೆಗಳನ್ನು ಅವಳು ಎಸೆದಿರಲಿಲ್ಲ, ಎಸೆಯುವ ಕೈಯೇ ಅಲ್ಲ ಅದು. ಸದ್ದಿಲ್ಲದೆ ತೆಗೆದದ್ದನ್ನು ಸದ್ದಿಲ್ಲದೆ ಹಿಂದಕ್ಕೆ ಹಾಕಿಬಿಟ್ಟರೆ ಯಾರಿಗೂ ತಿಳಿಯದು ಎಂದು ಅವುಗಳನ್ನು ಮುಷ್ಟಿಯಲ್ಲಿ ಹಿಡಿದುಕೊಂಡೇ ಮನೆಯೆಲ್ಲ ಸುತ್ತುತ್ತಿದ್ದಳು. ಸೊಸೆ ಸ್ನಾನಕ್ಕೆ ಹೋದರೆ ಬಚ್ಚಲಿನ ಬಾಗಿಲಲ್ಲಿ, ಬಟ್ಟೆ ಒಗೆಯುವಾಗ ಕಲ್ಲಿನ ಪಕ್ಕದಲ್ಲಿ. "ಏನತ್ತೆ, ಕೈಯಲ್ಲೇನು?" ಎಂದರೆ "ಏನಿಲ್ಲ ಕಣೇ, ಕೈ ಸೆಳೆತ" ಎನ್ನುತ್ತಿದ್ದಳು. ಸೊಸೆಯ ಸೊಂಟ ಬಿಟ್ಟು ಡಬ್ಬಿ ಅಲುಗಲಿಲ್ಲ.

ಆಮೇಲೆ ಅಂಗಡಿ ಹಾಲಿನ ಪುಡಿಯ ಡಬ್ಬ ತಂದಳು. ಎದೆಹಾಲು ಬಿಟ್ಟು ಪುಡಿ ಕುಡಿಸುವ ತಾಯಂದಿರನ್ನು ಓಣಿಯ ನಡುವೆ ನಿಲ್ಲಿಸಿ ಛೀಮಾರಿ ಹಾಕಿದ್ದವಳು ಇವಳೇ! "ನಿನ್ನ ಹಾಲು ಸಾಲ್ತಿಲ್ಲ, ಮಗು ಬಡವಾಗಿದೆ" ಎಂದಳು. ಮಗುವಿನ ತೊಡೆಯಲ್ಲಿ ಮಡಿಕೆ ಮೇಲೆ ಮಡಿಕೆ ಬಿದ್ದಿತ್ತು.

"ಬಡವಾಗಿದೆಯಾ? ಇವಳನ್ನ ಎತ್ತಿ ಎತ್ತಿ ನನ್ನ ಕೈ ಬಿದ್ದುಹೋಗಿದೆ ಅತ್ತೆ" ಎಂದು ಸೊಸೆ ನಕ್ಕಳು.

ಮುದುಕಿಗೆ ಊಟ ಸೇರಲಿಲ್ಲ. ಓಣಿಯವರು ಮಕ್ಕಳನ್ನು ಎತ್ತಿಕೊಂಡು ಬಂದರೆ "ಡಾಕ್ಟರ ಹತ್ರ ಹೋಗಿ, ನನಗೇನು ಗೊತ್ತು" ಎಂದು ಬಾಗಿಲು ಹಾಕಿಕೊಂಡಳು. ಅಜ್ಜಿಗೆ ಏನೋ ಆಗಿದೆ ಎಂದು ಓಣಿಯೇ ಮರುಗಿತು. ಸೊಸೆ ಮರುಗಲಿಲ್ಲ. ದಿನೇ ದಿನೇ ಅವಳ ಸಿಟ್ಟು ಬೆಳೆಯಿತು. ಮಾತ್ರೆ ಬದಲಾಯಿಸಿದ್ದು ತಿಳಿಯದೆ ಮಾಡಿದ್ದು, ಸರಿ. ಈಗ ತಿಳಿದಿದೆಯಲ್ಲ! ತನ್ನ ತಪ್ಪಿನಿಂದ ಮೊಮ್ಮಗಳ ಬಾಯಿಗೆ ಕಾಯಿಲೆ ಹೋಗುತ್ತಿದೆ ಎಂದು ನಂಬಿಕೊಂಡೂ, ಒಂದು ಮಾತು ಹೇಳಿದರೆ ತಡೆಯಬಹುದೆಂದು ಗೊತ್ತಿದ್ದೂ, ಮುದುಕಿ ತನ್ನ ಮರ್ಯಾದೆಯನ್ನು ಕಾಯುತ್ತಾ ಕೂತಿದ್ದಳು. ಪ್ರತಿ ಸಂಜೆ ಸೊಸೆ ಅವಳಿಗೆ ಒಂದು ಅವಕಾಶ ಕೊಡುತ್ತಿದ್ದಳು, ಪ್ರತಿ ಸಂಜೆ ಅವಳು ಅದನ್ನು ಒದೆಯುತ್ತಿದ್ದಳು.

ಕೊನೆಗೆ ಒಂದು ಸಂಜೆ ಗಂಡ ಬೇಗ ಮನೆಗೆ ಬಂದ. ಅವನು ವ್ಯಾನ್ ಓಡಿಸುವವನು. ಮಾತು ಕಡಿಮೆ, ಜಗಳ ಕಂಡರೆ ಟೈರಿನ ಗಾಳಿ ನೋಡುವ ನೆಪದಲ್ಲಿ ಹೊರಗೆ ಹೋಗುವ ಪೈಕಿ. ಸೊಸೆ ಎಂದಿನಂತೆ ಮಾತ್ರೆ ನುಂಗಿ ಪಾಪುವನ್ನು ಎದೆಗೆ ಹಚ್ಚಿದ್ದಳು. ಮುದುಕಿ ಮಂಚದಿಂದ ಇಳಿದು ಮಗನ ತೋಳು ಹಿಡಿದಳು.

"ನಿನ್ನ ಹೆಂಡ್ತಿಗೆ ಹೇಳೋ, ಮಗು ಬಿಡಿಸ್ಲಿ. ಅವಳು ಸರಿಯಾಗಿ ಔಷಧ ತಗೊಳ್ತಿಲ್ಲ. ಮಗುಗೆ ಬಂದ್ಬಿಡುತ್ತೆ!"

ಗಂಡ ಕಕ್ಕಾಬಿಕ್ಕಿಯಾಗಿ ಇಬ್ಬರನ್ನೂ ನೋಡಿದ. ಸೊಸೆಗೆ ನಗು ಬಂತು, ಒಳ್ಳೆಯ ನಗುವಲ್ಲ. ಇಷ್ಟೆಲ್ಲ ಬೆಂದ ಮೇಲೂ ಮುದುಕಿ ಹುಡುಕಿಕೊಂಡ ದಾರಿ ಇದು: ತಪ್ಪನ್ನು ಎತ್ತಿ ಸೊಸೆಯ ತಲೆಗೇ ಕಟ್ಟುವುದು.

"ಈಗ ತಾನೇ ನಿಮ್ಮ ಕಣ್ಣೆದುರಿಗೇ ನುಂಗಿದ್ನಲ್ಲ ಅತ್ತೆ."

"ಅದು ಔಷಧ ಅಲ್ಲ!" ಎಂದು ಮುದುಕಿ ಕಿರುಚಿದಳು.

ಮುದುಕಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಗಂಡ "ಔಷಧ ಅಲ್ದೆ ಇನ್ನೇನಮ್ಮ?" ಎಂದ. ಅವಳು ಮುಷ್ಟಿ ಬಿಚ್ಚಿದಳು. ಬೆವರಿಗೆ ಅಂಟಿಕೊಂಡು ಬಣ್ಣಗೆಟ್ಟ ಮಾತ್ರೆಗಳು ಅಂಗೈಯಲ್ಲಿದ್ದವು.

"ಮಗುಗೆ ವಿಷ ಹೋಗ್ಬಾರ್ದು ಅಂತ ಕಣೋ. ಅಷ್ಟು ದೊಡ್ಡ ಮಾತ್ರೆ, ಇಷ್ಟು ಚಿಕ್ಕ ಮಗು. ನಂಗೇನು ಗೊತ್ತಿತ್ತು..." ಮುದುಕಿ ಅಲ್ಲೇ ಕುಸಿದು ಗೊಳೋ ಎಂದಳು.

ಗಂಡ ಆ ಅಂಗೈಯನ್ನು ನೋಡಿದ. ಆಮೇಲೆ ಹೆಂಡತಿಯ ಕಡೆ ತಿರುಗಿ, "ಹೋಗ್ಲಿ ಬಿಡು. ಹಳೇ ಕಾಲದವಳು. ತಿಳೀದೆ ಮಾಡಿದಾಳೆ" ಎಂದ.

"ತಿಳೀದೆ ಮಾಡಿದ್ರು, ಸರಿ ಕಣ್ರೀ" ಎಂದಳು ಸೊಸೆ. ದನಿ ಏರಲಿಲ್ಲ. "ಆಸ್ಪತ್ರೆಯವರು ನನಗೆ ಆವತ್ತೇ ಹೇಳಿದ್ರು. ಆವತ್ತಿಂದ ನಾನು ಅಂಗಡೀಲಿ ನಿಜವಾದ ಮಾತ್ರೆ ತಗೊಳ್ತಿದೀನಿ. ಇಲ್ಲಿ ನುಂಗ್ತಿದ್ದದ್ದು ಸುಣ್ಣ, ನಿಮ್ಮಮ್ಮ ನೋಡ್ಲಿ ಅಂತ."

ಮುದುಕಿ ಅಳು ನಿಲ್ಲಿಸಿ ತಲೆ ಎತ್ತಿದಳು. "ಗೊತ್ತಿದ್ದೂ... ದಿನಾ ನನ್ನ ಮುಂದೆ ಕೂತು..."

"ಹೌದು. ಎಷ್ಟು ದಿನ ಸುಮ್ನಿರ್ತೀರಿ ಅಂತ ನೋಡೋಕೆ. ಮದುವೆಗೆ ಮುಂಚೆ ಸುಮ್ನಿದ್ರಿ, ನನಗೆ ಬಂತು. ಈಗಲೂ ಸುಮ್ನಿದ್ರಿ. ಇವಳಿಗೆ ಬಂದ್ರೂ ಬರ್ಲಿ, ನಿಮ್ಮ ಹೆಸರು ಉಳಿದ್ರೆ ಸಾಕು ಅಂತ ಸುಮ್ನಿದ್ರಿ. ಇದನ್ನೂ ತಿಳೀದೆ ಮಾಡಿದ್ರಾ ಅತ್ತೆ?"

ಗಂಡ ಬಾಯಿ ತೆರೆದ, ಹೆಂಡತಿಯ ಮುಖ ನೋಡಿ ಮುಚ್ಚಿದ, ವ್ಯಾನಿನ ಕೀಲಿ ತೆಗೆದುಕೊಂಡು ಹೊರಗೆ ಹೋದ. ಟೈರು ನೋಡಲು ಹೋದನೆಂದು ತೋರುತ್ತದೆ. ಇವನಿಂದ ಇನ್ನೇನನ್ನೂ ನಿರೀಕ್ಷಿಸುವುದನ್ನು ಸೊಸೆ ಆ ಕ್ಷಣಕ್ಕೆ ಬಿಟ್ಟುಬಿಟ್ಟಳು.

ಮುದುಕಿ ನೆಲದ ಮೇಲೆ ತೆವಳಿಕೊಂಡು ಮಣೆಯ ಹತ್ತಿರ ಬಂದಳು. ಪಾಪುವಿನ ಪಾದ ಮುಟ್ಟಲು ಕೈ ಚಾಚಿ, ಮುಟ್ಟದೆ ಹಿಂದಕ್ಕೆಳೆದುಕೊಂಡಳು. "ಮಗುಗೆ... ಮಗುಗೆ ಏನೂ ಆಗಿಲ್ಲ ತಾನೆ?"

ಇಷ್ಟು ದಿನದಲ್ಲಿ ಅವಳು ಕೇಳಿದ ಮೊದಲ ನಿಜವಾದ ಪ್ರಶ್ನೆ ಅದು. ಉತ್ತರ ಸೊಸೆಯ ನಾಲಿಗೆಯ ತುದಿಯಲ್ಲೇ ಇತ್ತು. ಮಗು ಚೆನ್ನಾಗಿದೆ ಎಂಬ ಎರಡು ಪದ. ಆ ಸುಕ್ಕು ಮುಖ, ಬಡವಾದ ತೋಳು ಎರಡನ್ನೂ ಅವಳು ನಿಧಾನವಾಗಿ ನೋಡಿದಳು.

"ಗೊತ್ತಿಲ್ಲ ಅತ್ತೆ" ಎಂದಳು. "ಹಾಲು ಕುಡಿಯೋ ಮಗುಗೆ ಕೊನೇ ಪರೀಕ್ಷೆ ಮಾಡೋದು ಹಾಲು ಬಿಡಿಸಿದ ಮೇಲೆ. ಅಲ್ಲಿವರೆಗೂ ಯಾವ ಡಾಕ್ಟರೂ ಖಂಡಿತ ಅಂತ ಹೇಳಲ್ಲ."

ಸುಳ್ಳಂತೂ ಅಲ್ಲ, ಸಿಸ್ಟರ್ ಹೇಳಿದ್ದೇ. ಸೊಸೆಗೂ ಆ ಕೊನೆಯ ಪರೀಕ್ಷೆಯ ಭಯವಿತ್ತು, ನೆನಪಾದರೆ ನಡುರಾತ್ರಿ ಎದ್ದು ಪಾಪುವಿನ ಹಣೆ ಮುಟ್ಟಿ ನೋಡುತ್ತಿದ್ದಳು. ಆ ಭಯದಲ್ಲಿ ಮುದುಕಿಯೂ ಪಾಲು ತೆಗೆದುಕೊಳ್ಳಲಿ ಎಂದು ಅವಳಿಗೆ ಅನ್ನಿಸಿತು, ದೊಡ್ಡ ಪಾಲನ್ನೇ ತೆಗೆದುಕೊಳ್ಳಲಿ.

"ಹಂಗಾದ್ರೆ ಯಾವಾಗ ಬಿಡಿಸ್ತೀಯ?" ಮುದುಕಿ ಅಂಗಲಾಚಿದಳು. "ನಾಳೆ ಬಿಡಿಸ್ತೀಯ? ಬಿಡಿಸಮ್ಮ, ನಿನ್ನ ಕಾಲಿಗೆ ಬೀಳ್ತೀನಿ."

"ಯಾಕೆ ಬಿಡಿಸ್ಲಿ? ಮಗು ಬಡವಾಗಲ್ವಾ? ಅವಳಾಗೇ ಬೇಡ ಅನ್ನೋವರೆಗೂ ಕುಡೀಲಿ. ಎರಡು ವರ್ಷ ಕುಡಿದ್ರೂ ಕುಡೀಲಿ."

ಮುದುಕಿ ಎದ್ದು ಒಳಗೆ ಹೋಗಲು ನೋಡಿದಳು. ಮಂಡಿ ಹಿಡಿದುಕೊಂಡು ಗೋಡೆಗೆ ಕೈಯಾನಿಸಿದಳು. ಸೊಸೆ ಪಾಪುವನ್ನು ಮೆಲ್ಲನೆ ಬಿಡಿಸಿ, ಬಾಯಿ ಒರೆಸಿ, ಮಡಿಲಲ್ಲಿ ಮಗ್ಗುಲು ಬದಲಿಸಿದಳು.

"ಇನ್ನೊಂದು ಎದೆ ಬಾಕಿ ಇ‌ದೆ ಅತ್ತೆ" ಎಂದಳು. "ಕೂತ್ಕೊಳ್ಳಿ."